ಮರಿ ಇಲ್ಲಿದೆ, ತಾಯಿ ಎಲ್ಲಿ?

ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ ಅಥವಾ ಶಾಸನ ಎಂಬ ರೂಢಿ ನಮ್ಮಲ್ಲಿದೆ. ಈ ವೇದಿಕೆಗೆ ನಾಯಿ ಯಾಕೆ ಬಂತು ಎಂದು ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ನಮ್ಮ ನಗರಗಳಲ್ಲಿ ಜಾತಿನಾಯಿಯ ಮರಿ ಈಗ ಫೋನಿನಲ್ಲಿ ಫೋಟೊ ನೋಡಿ, ದುಡ್ಡು ಕಳಿಸಿ, ಮನೆ ಬಾಗಿಲಿಗೆ ತರಿಸಿಕೊಳ್ಳುವ ಸರಕಾಗಿದೆ. ಆ ಸರಕು ಎಲ್ಲಿ ತಯಾರಾಗುತ್ತದೆ ಎಂದು ಕೊಳ್ಳುವವರು ಕೇಳುವುದು ಅಪರೂಪ. ಕೇಳಿದವರು, ಹೋಗಿ ನೋಡಿದವರು, ನೋಡಿದ ಮೇಲೆ ಸುಮ್ಮನಿರಲಾಗದವರು ಕೆಲವರಿದ್ದಾರೆ. ಇವತ್ತಿನ ಮಾತು ಅವರ ಬಗ್ಗೆ. ಅಂಥವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿದ್ದಾರೆ, ಏಕೆಂದರೆ ಈ ದಂಧೆಯನ್ನು ಕೃಷಿ ಉದ್ಯಮದ ಮಟ್ಟಕ್ಕೆ ಬೆಳೆಸಿದ್ದೂ ಅದೇ ದೇಶ.

2007ರ ಫೆಬ್ರುವರಿ. ಕೊಲರಾಡೊ ರಾಜ್ಯದ ತೆರೇಸಾ ಸ್ಟ್ರೇಡರ್ ಎಂಬ ಮಹಿಳೆ ಮಿಸೌರಿಯಲ್ಲಿ ನಡೆಯಲಿದ್ದ ನಾಯಿ ಹರಾಜಿಗೆ ಹೋದರು. ಅವರ ಅಚ್ಚುಮೆಚ್ಚಿನ ಇಟಾಲಿಯನ್ ಗ್ರೇಹೌಂಡ್ ತಳಿಯ ನಾಯಿಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾರಾಟಕ್ಕಿದ್ದವು. ಇಂಥ ಹರಾಜಿನ ರೀತಿ ದನದ ಸಂತೆಯದೇ. ವಯಸ್ಸೆಷ್ಟು, ಹಿಂದಿನ ಸೂಲಿನಲ್ಲಿ ಮರಿ ಎಷ್ಟು, ಈಗ ಗಬ್ಬವೋ ಅಲ್ಲವೋ ಎಂಬ ವಿವರದ ಮೇಲೆ ಸವಾಲು ಏರುತ್ತದೆ. ಪಂಜರವೊಂದರಲ್ಲಿ ಏಳು ವರ್ಷ ಮರಿ ಹಾಕುತ್ತಲೇ ಇದ್ದ ಒಂದು ಹೆಣ್ಣುನಾಯಿ ತೆರೇಸಾ ಅವರ ಕಣ್ಣಿಗೆ ಬಿತ್ತು. ಹಲ್ಲಿನ ಸೋಂಕಿಗೆ ಯಾರೂ ಚಿಕಿತ್ಸೆ ಕೊಡಿಸದೆ ಅದರ ಕೆಳದವಡೆ ಕೊಳೆತು ಹೋಗಿತ್ತು. ಹೆಸರಿರಲಿಲ್ಲ, ಕೊರಳಲ್ಲಿ ಸಂಖ್ಯೆಯೊಂದು ತೂಗುತ್ತಿತ್ತು. ಆ ದಿನ ತೆರೇಸಾ 13 ನಾಯಿಗಳನ್ನು ಮನೆಗೆ ತಂದರು. ದವಡೆಯಿಲ್ಲದ ನಾಯಿಗೆ ಲಿಲಿ ಎಂದು ಹೆಸರಿಟ್ಟರು. ಲಿಲಿ ಆಮೇಲೆ ಬದುಕಿದ್ದು ಸುಮಾರು ಹದಿನೈದು ತಿಂಗಳು. ಆದರೆ ಅದೇ ವರ್ಷ ಹುಟ್ಟಿಕೊಂಡ ನ್ಯಾಷನಲ್ ಮಿಲ್ ಡಾಗ್ ರೆಸ್ಕ್ಯೂ ಸಂಸ್ಥೆ ಈವರೆಗೆ 17,000ಕ್ಕೂ ಹೆಚ್ಚು ನಾಯಿಗಳನ್ನು ಇಂಥ ಪಂಜರಗಳಿಂದ ಹೊರಗೆ ತಂದಿದೆ. ಕೊಲರಾಡೊದ ಪೇಟನ್ ಎಂಬ ಸಣ್ಣ ಊರಿನಲ್ಲಿ ಅದರ ನೆಲೆ. ಕೆಲಸದ ಬಹುಭಾಗ ಸ್ವಯಂಸೇವಕರದು.

ಪಪ್ಪಿ ಮಿಲ್ ಎಂದು ಅಮೆರಿಕನ್ನರು ಕರೆಯುವ ಈ ನಾಯಿಮರಿ ಕಾರ್ಖಾನೆಗಳು ಕಳ್ಳಸಂತೆಯಲ್ಲಿ ಹುಟ್ಟಿದವಲ್ಲ. ಎರಡನೇ ಮಹಾಯುದ್ಧದ ಬಳಿಕ ಮಧ್ಯ ಪಶ್ಚಿಮದ ರೈತರು ಬೆಳೆಗೆ ಬೆಲೆ ಸಿಗದೆ ಕಂಗಾಲಾದಾಗ ಅಲ್ಲಿನ ಕೃಷಿ ಇಲಾಖೆಯೇ ನಾಯಿಮರಿಯನ್ನು ಪರ್ಯಾಯ ಆದಾಯವೆಂದು ಪ್ರೋತ್ಸಾಹಿಸಿತು. ಖಾಲಿ ಬಿದ್ದಿದ್ದ ಕೋಳಿಗೂಡುಗಳಿಗೆ ನಾಯಿಗಳು ಬಂದವು. ಮಿಸೌರಿ, ಕ್ಯಾನ್ಸಾಸ್, ಅಯೋವಾ, ಒಕ್ಲಹೋಮಾಗಳ ಹಳ್ಳಿಗಳಲ್ಲಿ ಹುಟ್ಟಿದ ಮರಿಗಳನ್ನು ದಲ್ಲಾಳಿಗಳು ಲಾರಿಗೆ ತುಂಬಿ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳ ಗಾಜಿನ ಅಂಗಡಿಗಳಿಗೆ ಮುಟ್ಟಿಸುವ ಜಾಲ ಬೆಳೆಯಿತು. ಪರವಾನಗಿ ಇರುವವು, ಇಲ್ಲದವು ಸೇರಿ ಇಂಥ ಸುಮಾರು 10,000 ತಾಣಗಳಿವೆ ಎಂಬುದು ಅಲ್ಲಿನ ಹ್ಯೂಮೇನ್ ಸೊಸೈಟಿಯ ಅಂದಾಜು.

ಕಾನೂನು ಇಲ್ಲವೇ? ಇದೆ. ಪೆಪ್ಪರ್ ಎಂಬ ಡಾಲ್ಮೇಷನ್ ನಾಯಿ 1965ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಳವಾಗಿ, ಕೊನೆಗೆ ನ್ಯೂಯಾರ್ಕಿನ ಆಸ್ಪತ್ರೆಯೊಂದರ ಪ್ರಯೋಗದಲ್ಲಿ ಸತ್ತದ್ದು ದೊಡ್ಡ ಸುದ್ದಿಯಾಗಿ, ಮರುವರ್ಷವೇ ಪ್ರಾಣಿ ಕಲ್ಯಾಣ ಕಾಯ್ದೆ ಬಂತು. 1970ರ ತಿದ್ದುಪಡಿಯಲ್ಲಿ ಮರಿ ವ್ಯಾಪಾರದ ಸಗಟು ಭಾಗವೂ ಅದರ ವ್ಯಾಪ್ತಿಗೆ ಸೇರಿತು. ಕಾಯ್ದೆ ಏನನ್ನು ಕೇಳುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ನಾಯಿಯನ್ನು ಅಳೆಯಿರಿ, ಅದಕ್ಕೆ ಆರು ಇಂಚು ಸೇರಿಸಿ. ಪಂಜರದ ಉದ್ದ ಅಷ್ಟು, ಅಗಲವೂ ಅಷ್ಟೇ. ಎರಡಡಿ ಉದ್ದದ ನಾಯಿಗೆ ಎರಡೂವರೆ ಅಡಿ ಚೌಕ, ಎಂದರೆ 6.25 ಚದರ ಅಡಿ. ಒಂಟಿ ನಾಯಿಗೆ ಇದರ ಎರಡರಷ್ಟು ಜಾಗ ಕೊಟ್ಟುಬಿಟ್ಟರೆ ಪ್ರತ್ಯೇಕ ವ್ಯಾಯಾಮದ ಏರ್ಪಾಡೂ ಬೇಕಿಲ್ಲ. ನಾಯಿ ತನ್ನ ಇಡೀ ಆಯುಷ್ಯವನ್ನು ಅಷ್ಟರಲ್ಲೇ ಕಳೆದರೂ ತಪಾಸಣೆಗೆ ಬಂದ ಅಧಿಕಾರಿ ಯಾವ ತಪ್ಪನ್ನೂ ಬರೆಯುವಂತಿಲ್ಲ. ಸ್ವಯಂಸೇವಕರು ತರುವ ನಾಯಿಗಳಲ್ಲಿ ಎಷ್ಟೋ ನಾಯಿಗಳು ಪರವಾನಗಿ ಪಡೆದ ಇಂಥ ಕಡೆಯಿಂದಲೇ ಬರುತ್ತವೆ. ಕ್ರೌರ್ಯವೆಲ್ಲ ಕಾನೂನುಬಾಹಿರ ಜಾಗದಲ್ಲೇ ಇರುತ್ತದೆ ಎಂಬ ಭ್ರಮೆ ಬಿಡಬೇಕಾದದ್ದು ಇಲ್ಲಿ.

ಹಾಗಾದರೆ ನಾಯಿಗಳು ಹೊರಗೆ ಬರುವುದು ಹೇಗೆ? ಪೊಲೀಸರು ಬಾಗಿಲು ಮುರಿದು ನುಗ್ಗುವ ದಾಳಿಗಳು ಟಿವಿಯಲ್ಲಿ ಕಾಣುತ್ತವೆ. ಅವು ನಡೆಯುವುದೂ ನಿಜ. ದಿನನಿತ್ಯದ ಕೆಲಸ ಅಷ್ಟು ರೋಚಕವಲ್ಲ. ಐದಾರು ವರ್ಷ ಮರಿ ಹಾಕಿದ ಮೇಲೆ ಹೆಣ್ಣುನಾಯಿಯ ಸೂಲು ಸಣ್ಣದಾಗುತ್ತದೆ, ತಿನ್ನಿಸಿದ ಖರ್ಚು ಗಿಟ್ಟುವುದಿಲ್ಲ. ಆಗ ಅದು ಹರಾಜಿಗೆ ಹೋಗಬಹುದು, ಗುಂಡಿಗೆ ಬಲಿಯಾಗಬಹುದು, ಇಲ್ಲವೇ ತಳಿಗಾರನು ರಕ್ಷಣಾ ಸಂಸ್ಥೆಗೊಂದು ಫೋನ್ ಮಾಡಬಹುದು. ಆ ಫೋನಿಗಾಗಿ ಸ್ವಯಂಸೇವಕರು ಕಾಯುತ್ತಾರೆ. ಫೋನ್ ಬಂದರೆ ವ್ಯಾನಿಗೆ ಗೂಡುಗಳನ್ನು ಏರಿಸಿ ರಾತ್ರಿಯೆಲ್ಲ ಓಡಿಸುತ್ತಾರೆ. ತಳಿಗಾರನ ಅಂಗಳದಲ್ಲಿ ನಿಂತಾಗ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಬೇಕು. ಹವಾಮಾನದ ಬಗ್ಗೆ ಎರಡು ಮಾತು, ಸಹಿ, ಕೈಕುಲುಕು. ಇವತ್ತು ಬೈದರೆ ನಾಳೆ ಆ ಮನೆಯ ಉಳಿದ ನಾಯಿಗಳಿಗೆ ಬಾಗಿಲು ಮುಚ್ಚಿದಂತೆ. ನಾಯಿಗೆ ಸ್ನಾನ ಮಾಡಿಸುವುದಕ್ಕಿಂತ, ರಾತ್ರಿಯಿಡೀ ವ್ಯಾನ್ ಓಡಿಸುವುದಕ್ಕಿಂತ ಈ ಸೌಜನ್ಯವೇ ಕಷ್ಟದ ಸೇವೆ ಎನಿಸುತ್ತದೆ.

ಮರಳಿ ಬಂದ ದಿನ ಬಿಡುವಿರುವುದಿಲ್ಲ. ಒಬ್ಬರು ತೂಕ ನೋಡಿದರೆ ಇನ್ನೊಬ್ಬರು ಹೊಸ ಕೊರಳಪಟ್ಟಿಯ ಮೇಲೆ ಹೆಸರು ಬರೆಯುತ್ತಾರೆ. ಉಚ್ಚೆ, ಹೇಲು ಮೆತ್ತಿ ಜಡೆಗಟ್ಟಿದ ಕೂದಲನ್ನು ಯಂತ್ರದಿಂದ ಬೋಳಿಸುವಾಗ ಕೆಲವು ನಾಯಿಗಳ ಮೈಯಿಂದ ಅದು ಚಾಪೆಯಂತೆ ಒಂದೇ ತುಂಡಾಗಿ ಕಳಚುತ್ತದೆ. ಅಡಿಯಲ್ಲಿ ಹುಣ್ಣು. ತಂತಿಯ ನೆಲದ ಮೇಲೆ ವರ್ಷಗಟ್ಟಲೆ ನಿಂತು ಪಾದದ ಬೆರಳುಗಳು ಅಗಲಿ ಹರಡಿಕೊಂಡಿರುತ್ತವೆ. ಉಗುರು ಸುತ್ತಿಕೊಂಡು ಮಾಂಸಕ್ಕೆ ನೆಟ್ಟಿರುತ್ತದೆ. ಕಿವಿಯಲ್ಲಿ ಸೋಂಕು, ಕೆಚ್ಚಲಿನಲ್ಲಿ ಗಡ್ಡೆ. ಬಾಯಿಯ ಸ್ಥಿತಿಯಂತೂ ಹೇಳತೀರದು, ಒಂದೇ ಸಲಕ್ಕೆ ಹತ್ತಾರು ಹಲ್ಲು ಕೀಳಬೇಕಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ಆ ನಾಯಿ ಇನ್ನೆಂದೂ ಮರಿ ಹಾಕುವುದಿಲ್ಲ.

ಮೈಯ ಗಾಯ ಒಂದು ತಿಂಗಳಲ್ಲಿ ಮಾಯುತ್ತದೆ. ಮನಸ್ಸಿನದು ಹಾಗಲ್ಲ. ಪಶುವೈದ್ಯ ಫ್ರಾಂಕ್ಲಿನ್ ಮೆಕ್‌ಮಿಲನ್ ಮತ್ತು ಸಂಗಡಿಗರು ಕಾರ್ಖಾನೆಗಳಿಂದ ಬಂದು ಮನೆ ಸೇರಿದ 1,169 ತಾಯಿ-ತಂದೆ ನಾಯಿಗಳ ನಡವಳಿಕೆಯನ್ನು ಅವುಗಳ ಸಾಕುವವರಿಂದ ಕೇಳಿ ತಿಳಿದು, ಸಾಮಾನ್ಯ ಸಾಕುನಾಯಿಗಳ ಜತೆ ಹೋಲಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಅತಿಯಾದ ಭಯ, ಮುಟ್ಟಿದರೆ ಬೆಚ್ಚುವಿಕೆ, ಸುತ್ತಿದಲ್ಲೇ ಸುತ್ತುವ ಚಾಳಿ, ಮನೆಯೊಳಗೇ ಗಲೀಜು ಮಾಡುವುದು. ಹೊಸ ಮನೆಗೆ ಬಂದು ವರ್ಷಗಳಾದರೂ ಎಷ್ಟೋ ನಾಯಿಗಳಲ್ಲಿ ಇವು ಉಳಿದುಕೊಂಡಿದ್ದವು. ಇನ್ನೊಂದು ಸಂಗತಿಯೂ ಅದರಲ್ಲಿದೆ: ಅಪರಿಚಿತರ ಮೇಲೆ, ಬೇರೆ ನಾಯಿಗಳ ಮೇಲೆ ಎರಗುವ ಸ್ವಭಾವ ಇವುಗಳಲ್ಲಿ ಹೆಚ್ಚಿರಲಿಲ್ಲ, ಹೋಲಿಕೆಗಿಟ್ಟ ನಾಯಿಗಳಿಗಿಂತ ಕಡಿಮೆಯೇ ಇತ್ತು. ಅಷ್ಟೆಲ್ಲ ಅನುಭವಿಸಿದ ಪ್ರಾಣಿ ಕಚ್ಚುವುದಿಲ್ಲ, ಹೆಪ್ಪುಗಟ್ಟಿ ನಿಲ್ಲುತ್ತದೆ.

ಆದ್ದರಿಂದಲೇ ಇವುಗಳಿಗೆ ಮನೆ ಹುಡುಕುವುದು ಮುದ್ದಾದ ಮರಿಗೆ ಮನೆ ಹುಡುಕಿದಷ್ಟು ಸುಲಭವಲ್ಲ. ಆರು ವರ್ಷದ ನಾಯಿಗೆ ಹುಲ್ಲು ಎಂದರೇನೆಂದು ಗೊತ್ತಿಲ್ಲ, ಮೆಟ್ಟಿಲು ಹತ್ತಲು ಬರುವುದಿಲ್ಲ. ಬಾಗಿಲ ಹೊಸ್ತಿಲು ದಾಟಲು ನಡುಗುತ್ತದೆ, ಮಿಕ್ಸಿಯ ಸದ್ದಿಗೆ ಮಂಚದಡಿ ಸೇರಿ ಸಂಜೆಯವರೆಗೂ ಹೊರಬರುವುದಿಲ್ಲ. ಮನೆಯಲ್ಲಿ ಈಗಾಗಲೇ ಧೈರ್ಯದ ನಾಯಿಯೊಂದಿದ್ದರೆ ಒಳ್ಳೆಯದು ಎನ್ನುತ್ತಾರೆ ಅನುಭವಸ್ಥರು. ಹೊಸದು ಮನುಷ್ಯರನ್ನು ನಂಬುವುದಕ್ಕೆ ಮೊದಲು ಆ ನಾಯಿಯನ್ನು ನೋಡಿ ಕಲಿಯುತ್ತದೆ. ಅಂಗಳಕ್ಕೆ ಬೇಲಿ ಬೇಕು. ಮೊದಮೊದಲು ಎರಡೆರಡು ಹಗ್ಗ ಕಟ್ಟಿ ನಡೆಸಬೇಕು, ಏಕೆಂದರೆ ಕೈತಪ್ಪಿ ಓಡಿದರೆ ಕರೆದಾಗ ಬರುವುದಕ್ಕೆ ಅದಕ್ಕಿನ್ನೂ ತನ್ನ ಹೆಸರೇ ಗೊತ್ತಿರುವುದಿಲ್ಲ. ನಾಯಿಯನ್ನು ತಾತ್ಕಾಲಿಕವಾಗಿ ಸಾಕುವ ಫಾಸ್ಟರ್ ಮನೆಯವರು ಎಷ್ಟೋ ದಿನ ಮಾಡುವ ಕೆಲಸವೆಂದರೆ ನೆಲದ ಮೇಲೆ ಬೆನ್ನು ತಿರುಗಿಸಿ ಕೂತು, ಪಕ್ಕದಲ್ಲಿ ಮಾಂಸದ ಚೂರಿಟ್ಟು, ಪುಸ್ತಕ ಓದುವುದು. ಕೊಡುವ ಮುಂಚೆ ಸಂಸ್ಥೆಯವರು ಕೇಳುವ ಪ್ರಶ್ನೆಗಳು ಹೆಣ್ಣು ಕೊಡುವ ಮನೆಯವರ ವಿಚಾರಣೆಗಿಂತ ಬಿಗಿ ಎಂದು ಕೆಲವರು ಗೊಣಗುವುದುಂಟು. ಗೊಣಗಲಿ. ವಾಪಸು ಬಂದ ನಾಯಿ ಎರಡನೇ ಸಲ ನಂಬುವುದು ಇನ್ನೂ ತಡ.

ಇಲ್ಲಿಯವರೆಗಿನದು ಕೇಳಲು ಹಿತವಾದ ಭಾಗ. ಇನ್ನು ಮುಂದಿನದು ದುಡ್ಡಿನ ಲೆಕ್ಕ. 2018ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದು ತನಿಖಾ ವರದಿ ಪ್ರಕಟಿಸಿತು. ಮಿಸೌರಿಯ ಎರಡು ನಾಯಿ ಹರಾಜುಗಳಲ್ಲಿ 2009ರಿಂದ 86 ರಕ್ಷಣಾ ಸಂಘಟನೆಗಳು ಹಾಗೂ ಅವಕ್ಕೆ ಸೇರಿದವರು 26.8 ಲಕ್ಷ ಡಾಲರ್ ಕೊಟ್ಟು 5,761 ನಾಯಿಗಳನ್ನು ಕೊಂಡಿದ್ದರು. ತಲೆಗೆ ಸರಾಸರಿ 465 ಡಾಲರ್. ಮರಿ ಕಾರ್ಖಾನೆ ಮುಚ್ಚಿಸಿ ಎಂದು ಸಾರ್ವಜನಿಕರಿಂದ ಎತ್ತಿದ ದೇಣಿಗೆಯೇ ಕಾರ್ಖಾನೆಯವರ ಜೇಬು ಸೇರಿತ್ತು. ರಕ್ಷಕರು ಕೊಳ್ಳುತ್ತಾರೆಂದು ಗೊತ್ತಾದ ಮೇಲೆ ಹರಾಜಿನಲ್ಲಿ ಬೆಲೆ ಏರಿತು, ಕೆಲವರು ರಕ್ಷಕರಿಗೆ ಮಾರುವುದಕ್ಕೆಂದೇ ಮರಿ ಮಾಡಿಸತೊಡಗಿದರು ಎಂಬ ಆರೋಪವೂ ವರದಿಯಲ್ಲಿತ್ತು. ಕೊಂಡವರ ಉತ್ತರವೂ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ: ಎದುರಿಗೆ ನಿಂತ ಈ ನಾಯಿಯನ್ನು ಬಿಟ್ಟುಬಂದರೆ ಅದು ಇನ್ನೊಂದು ಪಂಜರಕ್ಕೆ ಹೋಗುತ್ತದೆ, ಅದಕ್ಕೆ ಏನೆಂದು ಹೇಳಬೇಕು?

ಲಿಲಿಯೂ ಹರಾಜಿನಿಂದಲೇ ಬಂದವಳು ಎಂಬುದನ್ನು ಮರೆಯುವಂತಿಲ್ಲ. ಆದರೂ ಒಂದು ನಿಲುವಿಗೆ ಬರಲೇಬೇಕು. ದುಡ್ಡು ಕೊಟ್ಟು ಬಿಡಿಸಿದ ನಾಯಿಯ ಜಾಗಕ್ಕೆ ಆ ದುಡ್ಡಿನಲ್ಲೇ ಎಳೆಯ ನಾಯಿಯೊಂದು ಬರುತ್ತದೆ. ಹೊರಗೆ ಬಂದ ನಾಯಿ ನಮಗೆ ಕಾಣುತ್ತದೆ, ಒಳಗೆ ಹೋದದ್ದು ಕಾಣುವುದಿಲ್ಲ. ಬಿಟ್ಟುಕೊಟ್ಟದ್ದನ್ನು ತರುವುದು, ಜಪ್ತಿಯಾದದ್ದನ್ನು ನೋಡಿಕೊಳ್ಳುವುದು ರಕ್ಷಣೆ. ಸವಾಲು ಕೂಗಿ ಕೊಳ್ಳುವುದು, ಎಷ್ಟೇ ಕರುಣೆಯಿಂದ ಮಾಡಿದರೂ, ವ್ಯಾಪಾರ.

ಕಾನೂನಿನ ಹಾದಿ ಹಿಡಿದವರ ಅನುಭವವೂ ಸಿಹಿ-ಕಹಿ. ಪೆನ್ಸಿಲ್ವೇನಿಯಾದ ಮೇನ್ ಲೈನ್ ಅನಿಮಲ್ ರೆಸ್ಕ್ಯೂ ಸಂಸ್ಥೆಯ ಬಿಲ್ ಸ್ಮಿತ್ 2008ರಲ್ಲಿ ಶಿಕಾಗೊದಲ್ಲಿ ಓಪ್ರಾ ವಿನ್‌ಫ್ರೆಯವರ ಸ್ಟುಡಿಯೊ ಹತ್ತಿರವೇ ದೊಡ್ಡ ಫಲಕ ಹಾಕಿಸಿ, ಪಪ್ಪಿ ಮಿಲ್ ಬಗ್ಗೆ ಒಂದು ಕಾರ್ಯಕ್ರಮ ಮಾಡಿ ಎಂದು ಬೇಡಿಕೊಂಡರು. ಓಪ್ರಾ ಮಾಡಿದರು. ಕೋಟ್ಯಂತರ ಜನರ ಹಜಾರಕ್ಕೆ ಆ ಪಂಜರಗಳು ಬಂದವು. ಅದೇ ಬೇಸಿಗೆಯಲ್ಲಿ ಪೆನ್ಸಿಲ್ವೇನಿಯಾದಲ್ಲೇ, ಕೆಲವು ನಾಯಿಗಳನ್ನು ಪಶುವೈದ್ಯರಿಗೆ ತೋರಿಸಿ ಎಂದು ತಪಾಸಣಾಧಿಕಾರಿ ಆದೇಶಿಸಿದ್ದೇ ತಡ, ಇಬ್ಬರು ತಳಿಗಾರರು ಒಟ್ಟು 80 ನಾಯಿಗಳನ್ನು ಗುಂಡಿಟ್ಟು ಕೊಂದರು. ಆಗ ಅದು ಅಪರಾಧವೂ ಆಗಿರಲಿಲ್ಲ. ಅಕ್ಟೋಬರ್‌ನಲ್ಲಿ ಹೊಸ ಕಾಯ್ದೆ ಬಂದು ದೊಡ್ಡ ಕೆನಲ್‌ಗಳಲ್ಲಿ ಪಂಜರದ ಮೇಲೆ ಪಂಜರ ಪೇರಿಸುವುದು, ಪೂರ್ತಿ ತಂತಿಯ ನೆಲ, ಮಾಲೀಕನೇ ಗುಂಡು ಹಾರಿಸುವುದು ನಿಂತವು. ಮಿಸೌರಿಯಲ್ಲಿ ಹಾಗಾಗಲಿಲ್ಲ. ಒಬ್ಬರ ಬಳಿ 50ಕ್ಕಿಂತ ಹೆಚ್ಚು ತಳಿ ನಾಯಿಗಳಿರಬಾರದೆಂಬ ಪ್ರಸ್ತಾವಕ್ಕೆ 2010ರ ನವೆಂಬರ್‌ನ ಜನಮತದಲ್ಲಿ ಶೇ 51.6 ಮತ ಬಿತ್ತು. ಇವತ್ತು ನಾಯಿ, ನಾಳೆ ಹಸು-ಹಂದಿ ಎಂದು ಕೃಷಿ ಸಂಘಟನೆಗಳು ಗುಲ್ಲೆಬ್ಬಿಸಿದವು. ಆರು ತಿಂಗಳೂ ಆಗಿರಲಿಲ್ಲ, ಶಾಸನಸಭೆ ಆ ಮಿತಿಯನ್ನು ಅಳಿಸಿಹಾಕಿತು.

ಬ್ರಿಟನ್ನಿನ ದಾರಿ ಬೇರೆ. 2013ರಲ್ಲಿ ವೇಲ್ಸಿನ ಮರಿ ಫಾರ್ಮೊಂದರಿಂದ ಬಿಡಿಸಿ ತಂದ ಲೂಸಿ ಎಂಬ ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್‌ನ ಬೆನ್ನು ಇಕ್ಕಟ್ಟಿನ ಪಂಜರದಲ್ಲಿದ್ದೂ ಇದ್ದೂ ಬಾಗಿಹೋಗಿತ್ತು. 2016ರ ಡಿಸೆಂಬರ್‌ನಲ್ಲಿ ಲೂಸಿ ಸತ್ತಿತು. ಪಶುವೈದ್ಯ ಮಾರ್ಕ್ ಅಬ್ರಹಾಂ ಮತ್ತು ಗೆಳೆಯರು ಅದರ ಹೆಸರಿನಲ್ಲೇ ಚಳವಳಿ ಕಟ್ಟಿದರು. ಅವರು ಪಂಜರದ ಅಳತೆಯ ಚೌಕಾಸಿಗೆ ಹೋಗಲಿಲ್ಲ. ನಡುವಿನ ವ್ಯಾಪಾರಿಯನ್ನೇ ತೆಗೆಯಿರಿ, ಮರಿಯನ್ನು ಅದು ಹುಟ್ಟಿದ ಜಾಗದಲ್ಲಿ, ತಾಯಿಯ ಪಕ್ಕದಲ್ಲಿ ತೋರಿಸಿಯೇ ಮಾರಬೇಕು ಎಂದರು. 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ ಆರು ತಿಂಗಳೊಳಗಿನ ನಾಯಿ, ಬೆಕ್ಕಿನ ಮರಿಗಳನ್ನು ಮಧ್ಯವರ್ತಿಗಳು ಮಾರುವಂತಿಲ್ಲ. ಮರುವರ್ಷ ಸ್ಕಾಟ್ಲೆಂಡ್, ವೇಲ್ಸ್‌ಗಳೂ ಹಿಂಬಾಲಿಸಿದವು. ಇಡೀ ದಂಧೆ ನಿಂತಿರುವುದೇ ತಾಯಿಯನ್ನು ಕಾಣಿಸದಿರುವುದರ ಮೇಲೆ ಎಂಬುದನ್ನು ಇಷ್ಟು ನೇರವಾಗಿ ಹಿಡಿದ ಕಾಯ್ದೆ ಇನ್ನೊಂದಿಲ್ಲ. ಬಾಡಿಗೆ ಮನೆ ಹಿಡಿದು, ಯಾವುದೋ ನಾಯಿಯನ್ನು ತಾಯಿಯೆಂದು ಕೂರಿಸಿ ಮಾರುವ ಖದೀಮರು ಅಲ್ಲಿಯೂ ಹುಟ್ಟಿಕೊಂಡರು, ಅದು ಬೇರೆ ಮಾತು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ 2019ರಿಂದ, ನ್ಯೂಯಾರ್ಕ್ 2024ರ ಡಿಸೆಂಬರ್‌ನಿಂದ ಅಂಗಡಿಗಳಲ್ಲಿ ತಳಿಗಾರರ ಮರಿ ಮಾರುವುದನ್ನು ನಿಲ್ಲಿಸಿದ್ದು ಇದೇ ಜಾಡಿನಲ್ಲಿ.

ಹೊರಗೆ ಬಂದ ನಾಯಿಗಳ ಎಷ್ಟು ದೊಡ್ಡ ಸಂಖ್ಯೆಯನ್ನೂ ಸಮಾಜ ನಿಭಾಯಿಸಬಲ್ಲದು ಎಂಬುದಕ್ಕೆ ವರ್ಜೀನಿಯಾದ ಕಂಬರ್‌ಲೆಂಡ್ ಸಾಕ್ಷಿ. ಅಲ್ಲಿ ಎನ್ವಿಗೊ ಕಂಪನಿ ಪ್ರಯೋಗಾಲಯಗಳಿಗಾಗಿ ಬೀಗಲ್ ನಾಯಿಗಳನ್ನು ಬೆಳೆಸುತ್ತಿತ್ತು. ಮೊಕದ್ದಮೆ ಹೂಡಿದ ಸರ್ಕಾರ 2022ರ ಜುಲೈನಲ್ಲಿ ಸುಮಾರು 4,000 ಬೀಗಲ್‌ಗಳ ಬಿಡುಗಡೆಗೆ ಕೋರ್ಟಿನ ಒಪ್ಪಿಗೆ ಪಡೆಯಿತು. ಕೊಟ್ಟ ಗಡುವು 60 ದಿನ. ಹ್ಯೂಮೇನ್ ಸೊಸೈಟಿಯ ಉಸ್ತುವಾರಿಯಲ್ಲಿ ದೇಶದ ನೂರಕ್ಕೂ ಹೆಚ್ಚು ಆಶ್ರಯಧಾಮಗಳು ತಲಾ ಇಷ್ಟಿಷ್ಟು ಎಂದು ಹಂಚಿಕೊಂಡು ಗಡುವಿನೊಳಗೆ ಎಲ್ಲವನ್ನೂ ಸಾಗಿಸಿದವು. ರಾಜಕುಮಾರ ಹ್ಯಾರಿ ದಂಪತಿ ಅವುಗಳಲ್ಲಿ ಮರಿಯನ್ನು ಕೇಳದೆ ಏಳು ವರ್ಷದ ತಾಯಿಯೊಂದನ್ನು ಕರೆದೊಯ್ದರು. 2024ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 3.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು.

ಪ್ರಯೋಗಾಲಯದ ಬೀಗಲ್‌ಗಳಿಗೆ ಮನೆ ಹುಡುಕಿದ ಅನುಭವ ಬೆಂಗಳೂರಿಗೂ ಇದೆ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಇಲ್ಲಿ ಸ್ಥಾಪಿಸಿದ ಕ್ಯೂಪಾ ಸಂಸ್ಥೆ ಹತ್ತು ವರ್ಷದ ಹಿಂದೆ ಅಂಥ ನೂರಕ್ಕೂ ಹೆಚ್ಚು ನಾಯಿಗಳನ್ನು ಮನೆಗಳಿಗೆ ಸೇರಿಸಿತು. ಬೀದಿಗೆ ಬಿಟ್ಟ ಜಾತಿನಾಯಿಗಳಿಗೆಂದೇ ಅದರದ್ದೊಂದು ದತ್ತು ಕೇಂದ್ರವೂ ಇದೆ. ಅಲ್ಲಿಗೆ ಬರುವ ತಳಿಗಳನ್ನು ನೋಡಿದರೆ ಯಾವ ವರ್ಷ ಯಾವ ನಾಯಿ ಫ್ಯಾಷನ್ ಆಗಿತ್ತು ಎಂದು ಹೇಳಬಹುದು. 2003ರ ಹಚ್ ಫೋನ್ ಜಾಹೀರಾತನ್ನು ಮಾಡಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ಹುಡುಗನ ಹಿಂದೆ ಓಡುವ ಆ ಪಗ್ ನಾಯಿಗೆ ದೇಶವೇ ಮರುಳಾಯಿತು. ಮೂಗು ಚಪ್ಪಟೆಯಾಗಿ ಉಸಿರಿಗೇ ಒದ್ದಾಡುವ ಆ ತಳಿಗೆ ಎಲ್ಲೆಲ್ಲೂ ಗಿರಾಕಿಗಳು ಹುಟ್ಟಿಕೊಂಡರು. ಆಮೇಲಿನ ಸರದಿ ಹಸ್ಕಿಯದು. ಸೈಬೀರಿಯಾದ ಹಿಮಕ್ಕೆ ಹುಟ್ಟಿದ ನಾಯಿ ಕಲಬುರಗಿಯ ಬಿಸಿಲಲ್ಲಿ ಏನು ಮಾಡಬೇಕು?

ಕಾಗದದ ಮೇಲೆ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಚೆನ್ನಾಗಿದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳಂತೆ ಪ್ರತಿ ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹದಿನೆಂಟು ತಿಂಗಳಾಗದ ಹೆಣ್ಣನ್ನು ಕೂಡಿಸುವಂತಿಲ್ಲ, ಬೆದೆ ಬಂದಾಗಲೆಲ್ಲ ಸತತವಾಗಿ ಮರಿ ಮಾಡಿಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲು ಮೀರುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇನ್ನು ಶಿಕ್ಷೆಯ ವಿಷಯ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ಸಲದ ಹಿಂಸೆಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಮರಿಯ ಬೆಲೆ ಸಾವಿರಗಳಲ್ಲಿರುವಾಗ ಈ ದಂಡಕ್ಕೆ ಹೆದರುವ ತಳಿಗಾರ ಇನ್ನೂ ಹುಟ್ಟಬೇಕು. ಸಂಸತ್ತು ಈ ಒಂದು ಸಾಲನ್ನು ತಿದ್ದುವವರೆಗೆ ನಿಯಮಗಳ ಭಾರವೆಲ್ಲ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಈ ಸಭೆಯಲ್ಲಿ ಮರಿ ಕೊಳ್ಳುವ ಯೋಚನೆಯಲ್ಲಿರುವವರು ಇದ್ದರೆ ಅವರಲ್ಲೊಂದು ವಿನಂತಿ. ಮಂಡಳಿಯ ನೋಂದಣಿ ಪತ್ರ ಕೇಳಿ. ಕೆನಲ್ ಕ್ಲಬ್ಬಿನ ಕಾಗದ ತೋರಿಸಿದರೆ ಅದು ವಂಶಾವಳಿ ಮಾತ್ರ, ಪರವಾನಗಿಯಲ್ಲ. ತಾಯಿನಾಯಿ ಇರುವ ಜಾಗಕ್ಕೇ ಹೋಗಿ ನೋಡಿ. ನಡುದಾರಿಯಲ್ಲಿ ಕಾರಿನಿಂದ ಮರಿ ಕೊಡುತ್ತೇವೆ, ತಾಯಿ ಊರಿನಲ್ಲಿದೆ ಎಂದರೆ ದುಡ್ಡು ಕೊಡದೆ ಬನ್ನಿ. ಬುಟ್ಟಿಯಲ್ಲಿ ಸೊರಗಿ ಕೂತ ಮರಿಯನ್ನು ನೋಡಿ ಕರುಳು ಚುರುಕ್ ಎನ್ನುತ್ತದೆ, ಪಾಪ ಎಂದು ಕೊಂಡುಬಿಡಬೇಕೆನಿಸುತ್ತದೆ. ಕೊಳ್ಳಬೇಡಿ, ದೂರು ಬರೆಯಿರಿ. ಜಿಲ್ಲೆಯ ಪ್ರಾಣಿ ದಯಾ ಸಂಘಕ್ಕೆ, ಮಂಡಳಿಗೆ, ಪೊಲೀಸ್ ಠಾಣೆಗೆ ಬರೆದ ಒಂದೊಂದು ಕಾಗದವೂ ಮುಂದೆ ದಾಖಲೆಯಾಗುತ್ತದೆ. ಮರಿ ಬೇಡ, ಬೆಳೆದ ನಾಯಿಯಾದರೂ ಆದೀತು ಎನ್ನುವವರಿಗೆ ನಮ್ಮೂರಿನ ಆಶ್ರಯಧಾಮಗಳಲ್ಲಿ ಲ್ಯಾಬ್ರಡಾರ್‌ನಿಂದ ಹಿಡಿದು ಬೀದಿಯ ನಾಡತಳಿಯವರೆಗೆ ನಾಯಿಗಳು ಕಾಯುತ್ತಿವೆ. ಸಾಕಲು ಆಗದವರು ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಬಹುದು. ಸ್ನಾನ ಮಾಡಿಸಲು, ಹಗ್ಗ ಹಿಡಿದು ನಡೆಸಲು, ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯಲು ಎಲ್ಲ ಕಡೆಯೂ ಜನ ಬೇಕಾಗಿದ್ದಾರೆ.